ಚೂರು ತೆಗೆದರೆ ಹರಡುತ್ತದೆಯೇ?

ಪ್ರಶ್ನೆ: ನನಗೆ 56 ವರ್ಷ, ಅಡಿಕೆ ಕೃಷಿಕ. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ, ನಡುವೆ ಕೆಂಪು ಹುಣ್ಣು. ಎರಡು ತಿಂಗಳಾದರೂ ಮಾಯಲಿಲ್ಲ. ಹಲ್ಲಿನ ಡಾಕ್ಟ್ರು ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಿಸಲೇಬೇಕು ಎಂದರು. ಕತ್ತಿ ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂದು ಭಾವ ತಡೆಯುತ್ತಿದ್ದಾರೆ. ನಾನು ಹೊಗೆಸೊಪ್ಪು ಮುಟ್ಟಿದವನಲ್ಲ. ಎಲೆ, ಅಡಿಕೆ, ಸುಣ್ಣ ಮಾತ್ರ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ಇದೆ. ಸ್ವಲ್ಪ ದಿನ ಕಾದು ನೋಡಬಹುದೇ?
— ಹೆಸರು ಬೇಡ, ಬದಿಯಡ್ಕ

ಉತ್ತರ: ಕಾಯಬೇಡಿ. ಪತ್ರಿಕೆ ಕೈಸೇರುವ ಮೊದಲೇ ನೀವು ಬಯಾಪ್ಸಿ ಮಾಡಿಸಿಕೊಂಡಿದ್ದರೆ, ಈ ಉತ್ತರ ದಂಡವಾದರೂ ನನಗೆ ಸಂತೋಷವೇ. ಬಾಯಿಹುಣ್ಣು ಎರಡು-ಮೂರು ವಾರದಲ್ಲಿ ಮಾಯದಿದ್ದರೆ ತೋರಿಸಲೇಬೇಕು.

ಭಾವನವರ ಮಾತನ್ನು ಉಪ್ಪಳದಿಂದ ಚೆರ್ಕಳದ ತನಕ ಕೇಳಿದ್ದೇನೆ. ಹೆದರಿ ಹೆದರಿ, ಕಾಯಿಲೆ ಬಲಿತ ಮೇಲೆ ಬರುತ್ತಾರೆ, ಬಯಾಪ್ಸಿ ಆಗುತ್ತದೆ, ಕೆಲ ತಿಂಗಳಲ್ಲಿ ತೀರಿಕೊಂಡರೆ ದೂರೆಲ್ಲ ಕತ್ತಿಯ ಮೇಲೆ. ಹರಡಲು ಬಿಟ್ಟದ್ದು ಆ ತಡ, ಕತ್ತಿಯಲ್ಲ. ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟ್ರ ಎದುರೇ ಕೇಳಲಿ.

ಹಲ್ಲು ಕೀಳುವಾಗ ಕೊಡುವಂಥ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಹುಣ್ಣಿನ ಅಂಚಿನಿಂದ ಕೆಲವೇ ಮಿಲಿಮೀಟರಿನ ಚೂರು ತೆಗೆದು, ಕೆಡದಂತೆ ಫಾರ್ಮಲಿನ್ ದ್ರವದಲ್ಲಿ ಹಾಕಿ, ಪರೀಕ್ಷಿಸಲು ಪೆಥಾಲಜಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಒಂದೆರಡು ಹೊಲಿಗೆ, ಸಾಮಾನ್ಯವಾಗಿ ಅಂದೇ ಮನೆಗೆ. ಆಮೇಲೆ ಗಂಜಿ ಆರಿಸಿ ಉಣ್ಣಿ. ಉಪ್ಪಿನಕಾಯಿ ಭರಣಿಯ ಹತ್ತಿರ ಸುಳಿಯಬೇಡಿ. ಮಾತ್ರೆಯ ಚೀಟಿಯನ್ನು ಮೊದಲೇ ತೋರಿಸಿ. ಅದನ್ನು ನೀವಾಗಿ ನಿಲ್ಲಿಸಬೇಡಿ. ಇಷ್ಟು ಸಣ್ಣ ಕೆಲಸಕ್ಕೆ ಹೆಚ್ಚಾಗಿ ನಿಲ್ಲಿಸಬೇಕಾಗುವುದೂ ಇಲ್ಲ.

ಹೊಗೆಸೊಪ್ಪಿಲ್ಲ ಎಂದಿರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದಿದೆ. ತೋಟದ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು. ಇದನ್ನು ಹೇಳಿ ಅಣ್ಣಂದಿರಿಂದ ಬೈಸಿಕೊಂಡದ್ದೂ ಉಂಟು. ಬೆಳೆಯಿರಿ, ಮಾರಿ. ಬಾಯಿಗೆ ಹಾಕುವುದನ್ನು ಮಾತ್ರ ಇವತ್ತೇ ಬಿಡಿ.

ಬಿಳಿ ಮಚ್ಚೆಯೆಲ್ಲ ಕ್ಯಾನ್ಸರ್ ಅಲ್ಲ. ಬಯಾಪ್ಸಿಯ ವರದಿಯಲ್ಲಿ ‘ಡಿಸ್‌ಪ್ಲೇಸಿಯಾ’ ಎಂದಿದ್ದರೆ, ಇನ್ನೂ ಕ್ಯಾನ್ಸರ್ ಆಗಿಲ್ಲ, ಮುಂದೆ ಆಗಬಹುದು ಎಂದರ್ಥ. ಎಷ್ಟು ತೀವ್ರ ಎಂದು ಕೇಳಿಕೊಳ್ಳಿ. ಕ್ಯಾನ್ಸರೇ ಆಗಿದ್ದರೆ ಮಂಗಳೂರೋ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರೋ, ನಿಮಗೆ ಅನುಕೂಲವಾದಲ್ಲಿಗೆ ತಡಮಾಡದೆ ಹೋಗಿ. ಆರಂಭದಲ್ಲೇ ಸಿಕ್ಕಿದ್ದು ಗುಣವಾಗುವ ಸಾಧ್ಯತೆ ಹೆಚ್ಚು. ಏನೂ ಇಲ್ಲ ಎಂದು ಬಂದರೂ ಮಚ್ಚೆ ಹಾಗೆಯೇ ಉಳಿದರೆ ಮತ್ತೆ ತೋರಿಸಿ. ಕೆಲವೊಮ್ಮೆ ಅದೇ ಮಚ್ಚೆಯ ಇನ್ನೊಂದು ಕಡೆಯಿಂದ ಚೂರು ತೆಗೆದು ನೋಡಬೇಕಾಗುತ್ತದೆ.