ಹೊಸ ಗೊಬ್ಬರದ ಪರಿಣಾಮ ತಿಳಿಯಲು ಒಂದು ಅಧ್ಯಯನ ಅಡಿಕೆಯನ್ನು ತೂಗಿದೆ, ಇನ್ನೊಂದು ಗೊನೆ ಎಣಿಸಿದೆ. ಹಲವು ಅಧ್ಯಯನಗಳ ಫಲಿತಾಂಶವನ್ನು ಒಟ್ಟುಗೂಡಿಸುವ ಮೆಟಾ-ಅನಾಲಿಸಿಸ್ ಸಾಫ್ಟ್‌ವೇರ್ ಇವೆರಡನ್ನೂ ಹೇಗೆ ಸೇರಿಸುತ್ತದೆ?

ಕೆಜಿ, ಗೊನೆ ಎಂಬ ಅಳತೆಯನ್ನೇ ಅದು ಕಳಚಿಬಿಡುತ್ತದೆ. ಗೊಬ್ಬರ ಹಾಕಿದ, ಹಾಕದ ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸವನ್ನು ಪ್ರಮಾಣ ವಿಚಲನೆಯಿಂದ ಭಾಗಿಸುತ್ತದೆ. ಪ್ರಮಾಣ ವಿಚಲನೆ ಅಂದರೆ ಮರದಿಂದ ಮರಕ್ಕೆ ಇರುವ ಏರುಪೇರಿನ ಅಳತೆ. ಭಾಗಿಸಿ ಬಂದದ್ದೇ ಎಫೆಕ್ಟ್ ಸೈಜ್, ಪರಿಣಾಮದ ಗಾತ್ರ.

ತೀರ್ಥಹಳ್ಳಿಯ ಒಂದು ತೋಟದಲ್ಲಿ ಹೊಸ ಗೊಬ್ಬರ ಹಾಕಿದ ಮರಗಳು ಸರಾಸರಿ 2 ಕೆಜಿ ಹಸಿ ಅಡಿಕೆ ಜಾಸ್ತಿ ಕೊಟ್ಟವು, ಏರುಪೇರು 4 ಕೆಜಿ ಅಂದುಕೊಳ್ಳಿ. ಎರಡನ್ನು ನಾಲ್ಕರಿಂದ ಭಾಗಿಸಿದರೆ 0.5. ಸಾಗರದ ತೋಟದಲ್ಲಿ ಗೊನೆ ಎಣಿಸಿದರು. ಮರಕ್ಕೆ ಅರ್ಧ ಗೊನೆ ಜಾಸ್ತಿ, ಏರುಪೇರು 1 ಗೊನೆ. ಅದೂ 0.5. ಈಗ ಎರಡನ್ನೂ ಪಕ್ಕ ಪಕ್ಕ ಇಡಬಹುದು, ಅಲ್ವಾ?

ಆಮೇಲೆ ಸುಮ್ನೆ ಸರಾಸರಿ ತೆಗೆಯುವುದಿಲ್ಲ. ಹೆಚ್ಚು ಮರಗಳನ್ನು ನೋಡಿದ ಅಧ್ಯಯನದ ಅಂದಾಜು ಹೆಚ್ಚು ನಿಖರ, ಹಾಗಾಗಿ ಅದಕ್ಕೆ ಹೆಚ್ಚು ತೂಕ.

ಉಚಿತವಾಗಿ ಬೇಕೆಂದರೆ ಆರ್ (R) ಎಂಬ ಸಂಖ್ಯಾಶಾಸ್ತ್ರದ ಕಂಪ್ಯೂಟರ್ ಭಾಷೆಯ ಮೆಟಾಫಾರ್ (metafor) ಪ್ಯಾಕೇಜ್ ಬಳಸಿ. ಅದರ ಎಸ್ಕ್ಯಾಲ್ಕ್ (escalc) ಎಂಬ ಆಜ್ಞೆಗೆ ಸರಾಸರಿ, ವಿಚಲನೆ, ಮರಗಳ ಸಂಖ್ಯೆ ಕೊಟ್ಟರೆ ಸಾಕು. ಮರಗಳು ಕಡಿಮೆ ಇದ್ದಾಗ ಪರಿಣಾಮ ಕೊಂಚ ಉಬ್ಬಿ ಕಾಣುತ್ತದೆ, ಅದನ್ನೂ ಸರಿಪಡಿಸಿ ಕೊಡುತ್ತದೆ.

ಒಂದು ಕಡೆ ಮಾತ್ರ ದಯವಿಟ್ಟು ಎಚ್ಚರ. ಎಷ್ಟೋ ವರದಿಗಳ ಕೋಷ್ಟಕದಲ್ಲಿ ಸರಾಸರಿಯ ಪಕ್ಕ ಇರುವುದು ವಿಚಲನೆಯಲ್ಲ, ಸ್ಟ್ಯಾಂಡರ್ಡ್ ಎರರ್. ವಿಚಲನೆಯನ್ನು ಮರಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ ಅಂಕಿ ಅದು. ಗುಂಪಿಗೆ 25 ಮರಗಳಿದ್ದರೆ 4 ಕೆಜಿ ಇರಬೇಕಾದಲ್ಲಿ 0.8 ಇರುತ್ತದೆ. ಅದನ್ನೇ ತುಂಬಿದರೆ 0.5 ಹೋಗಿ 2.5 ಬರುತ್ತದೆ. ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ. ಕೋಷ್ಟಕದ ಅಡಿಟಿಪ್ಪಣಿಯನ್ನು ನೀವೇ ಓದಬೇಕು.