‘ಡಾರ್ಕ್ ಡಂಜನ್ಸ್’: ಪ್ರಚಾರವೋ ವಿಡಂಬನೆಯೋ?

ನಮಸ್ಕಾರ. 2014ರ ‘ಡಾರ್ಕ್ ಡಂಜನ್ಸ್’ ಎಂಬ ಅಮೆರಿಕನ್ ಕಿರುಚಿತ್ರವನ್ನು ಧರ್ಮಪ್ರಚಾರಕರೇ ತೆಗೆದರೋ ಅಥವಾ ಅದು ವಿಡಂಬನೆಯೋ ಎಂದು ನೀವು ಕೇಳಿದ್ದೀರಿ. ಅದು ವಿಡಂಬನೆಯೇ. ಆದರೂ ನಿಮ್ಮ ಸಂದೇಹ ಸಹಜವಾದದ್ದು. ಏಕೆಂದರೆ ಕ್ರೈಸ್ತ ಧರ್ಮಪ್ರಚಾರದ ಚಿತ್ರಪುಸ್ತಿಕೆಗಳನ್ನು ಬರೆಯುತ್ತಿದ್ದ ಜ್ಯಾಕ್ ಚಿಕ್ ಅವರು 1984ರಲ್ಲಿ ಪ್ರಕಟಿಸಿದ, ಪಾತ್ರ ವಹಿಸಿ ಆಡುವ ಆಟಗಳು ಯುವಜನರನ್ನು ಮಾಟಮಂತ್ರಕ್ಕೆ ಎಳೆಯುತ್ತವೆ ಎನ್ನುವ ಇದೇ ಹೆಸರಿನ ಪುಟ್ಟ ಪುಸ್ತಿಕೆಯನ್ನು ಚಿತ್ರದ ನಿರ್ಮಾಪಕ ಜೆ. ಆರ್. ರಾಲ್ಸ್ ಅವರು ಚಿಕ್ ಅವರ ಅನುಮತಿ ಪಡೆದೇ ಚಿತ್ರಕ್ಕೆ ಅಳವಡಿಸಿದರು, ಮತ್ತು ಮೂಲದ ಕಥೆಯನ್ನು ತಿರುಚದೆ, ಅದು ಹೇಳುವುದೆಲ್ಲ ನಿಜವಾಗಿದ್ದರೆ ಲೋಕ ಹೇಗಿರುತ್ತಿತ್ತು ಎಂಬುದನ್ನು ಗಂಭೀರ ಮುಖದಿಂದಲೇ ತೋರಿಸಿದರು. ನನ್ನ ದೃಷ್ಟಿಯಲ್ಲಿ ಚಿತ್ರದ ಶಕ್ತಿ ಇರುವುದು ಈ ಸಂಯಮದಲ್ಲಿಯೇ.

ಆ ಪುಸ್ತಿಕೆಯ ಹಿಂದಿದ್ದ ಭಯ ಮಾತ್ರ ಆಗ ಜನರಲ್ಲಿ ನಿಜವಾಗಿಯೂ ಇತ್ತು. 1974ರಲ್ಲಿ ಬಂದ, ಆಟಗಾರರು ಕಲ್ಪಿತ ಲೋಕದ ಪಾತ್ರಗಳಾಗಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಮೇಲೆ, 1979ರಲ್ಲಿ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಪತ್ತೇದಾರರೊಬ್ಬರು ಹಾಗೂ ಪತ್ರಿಕೆಗಳು ಸಂಶಯ ಹರಡಿದವು. ಆ ಹುಡುಗನ ಸಂಕಟಗಳ ಮೂಲ ಬೇರೆಯೇ ಆಗಿತ್ತು. 1982ರಲ್ಲಿ ಮಗನನ್ನು ಆತ್ಮಹತ್ಯೆಯಿಂದ ಕಳೆದುಕೊಂಡ ಪೆಟ್ರೀಷಿಯಾ ಪುಲಿಂಗ್ ಎಂಬ ತಾಯಿ ಮರುವರ್ಷ ಈ ಆಟದ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಆಕೆಯ ದುಃಖವನ್ನು ನಾವು ಗೌರವಿಸಲೇಬೇಕು, ಆದರೆ ಆಕೆಯ ಆರೋಪಗಳಲ್ಲಿದ್ದ ದೋಷಗಳನ್ನು ಇಂಥ ಆಟಗಳ ವಿನ್ಯಾಸಕ ಮೈಕೆಲ್ ಸ್ಟ್ಯಾಕ್‌ಪೋಲ್ 1990ರ ತಮ್ಮ ವರದಿಯಲ್ಲಿ ವಿವರವಾಗಿ ತೋರಿಸಿಕೊಟ್ಟರು. ಅಷ್ಟರಲ್ಲಿ, 1989ರ ಎರಡನೆಯ ಆವೃತ್ತಿಯಿಂದ ಆಟದ ಪ್ರಕಾಶಕರೇ ‘ದೆವ್ವ’, ‘ಪಿಶಾಚಿ’ ಎಂಬ ಹೆಸರುಗಳನ್ನು ಕೈಬಿಟ್ಟಿದ್ದರು.

ಸಾಧ್ಯವಾದರೆ ಮೊದಲು ಪುಸ್ತಿಕೆಯನ್ನು ಓದಿ, ಬಳಿಕ ಚಿತ್ರವನ್ನು ಇನ್ನೊಮ್ಮೆ ನೋಡಿ.