ಸಣ್ಣ ಪಟ್ಟಣಕ್ಕೆ ಮೊದಲು ನೀರೋ, ಒಳಚರಂಡಿಯೋ?

ನೀರು ಮೊದಲು, ಆದರೆ ಕೊಳಚೆಯ ಲೆಕ್ಕವನ್ನೂ ಅದೇ ಯೋಜನೆಯಲ್ಲಿ ಹಾಕಬೇಕು.

ಕೇಂದ್ರದ 1999ರ ಮಾನದಂಡದಂತೆ ಒಳಚರಂಡಿ ಇರುವ ಪಟ್ಟಣಕ್ಕೆ ದಿನಕ್ಕೆ ತಲಾ 135 ಲೀಟರ್ ನೀರು ಬೇಕು. ಇಲ್ಲದ ಕಡೆ 70 ಲೀಟರ್. ಈ ಅಂತರ ಸುಮ್ಮನೆ ಇಟ್ಟದ್ದಲ್ಲ. ಕೊಳವೆಯಲ್ಲಿ ಮಲ ನಿಲ್ಲದೆ ಸಾಗಲು ಅಷ್ಟು ಹರಿವು ಬೇಕು. ವಾರಕ್ಕೆರಡು ಬಾರಿ ನಲ್ಲಿ ಬರುವ ಊರಿಗೆ ಒಳಚರಂಡಿ ಹಾಕಿದರೆ ಮ್ಯಾನ್‌ಹೋಲ್ ಕಟ್ಟಿಕೊಂಡು ರಸ್ತೆಗೆ ಉಕ್ಕುತ್ತದೆ. ಅಷ್ಟರಲ್ಲಿ ಗುತ್ತಿಗೆದಾರನ ಬಿಲ್ ಪಾಸಾಗಿರುತ್ತದೆ! ಇತ್ತ ನೀರು ಹೆಚ್ಚಿಸಿ ಸುಮ್ಮನಾದರೂ ಕಷ್ಟ: ಕೊಟ್ಟ ನೀರಿನ ಶೇ 80ರಷ್ಟು ಕೊಳಚೆಯಾಗಿ ಕೆರೆ ಸೇರುತ್ತದೆ.

ನಡುವಿನ ದಾರಿಯೊಂದನ್ನು ದೇವನಹಳ್ಳಿ ತೋರಿಸಿತು. ಒಳಚರಂಡಿ ಇಲ್ಲದ ಆ ಪಟ್ಟಣದಲ್ಲಿ 2015ರಲ್ಲಿ ಶೌಚಗುಂಡಿಯ ಕೆಸರನ್ನು ಸಂಸ್ಕರಿಸುವ ಘಟಕ ಆರಂಭವಾಯಿತು. ಸಾಮರ್ಥ್ಯ ದಿನಕ್ಕೆ 6,000 ಲೀಟರ್. ಟ್ಯಾಂಕರ್ ಸುರಿದ ಕೆಸರು ಮುಚ್ಚಿದ ತೊಟ್ಟಿಗಳಲ್ಲಿ ಕೊಳೆತು, ಇಳಿಜಾರಿನಲ್ಲೇ ಹರಿದು ಮರಳು–ಜಲ್ಲಿಯ ಹಾಸಿನ ಮೇಲೆ ಬರುತ್ತದೆ. ನೀರು ಕೆಳಗೆ ಬಸಿದು, ಮೇಲೆ ಉಳಿದದ್ದು ಬಿಸಿಲಿಗೆ ಬಿರಿದು ಒಣಗುತ್ತದೆ. ಅದನ್ನು ಹಸಿಕಸದೊಂದಿಗೆ ಕಳಿಯಿಸಿದರೆ ಗೊಬ್ಬರ.

ಬಚ್ಚಲು, ಅಡುಗೆಮನೆಯ ನೀರಿಗೆ ಇದು ಪರಿಹಾರವಲ್ಲ. ಅದಕ್ಕೆ ಚರಂಡಿಯ ಕೊನೆಯಲ್ಲಿ, ಕೆರೆಗೆ ಮುಟ್ಟುವ ಮೊದಲೇ, ಬೇರೆ ಸಂಸ್ಕರಣೆ ಬೇಕು.